ಮುಳ್ಳು ನಿಲ್ಲದ ರೇಡಿಯೋ

ಊರಿನ ಎರಡು ದಾರಿ ಕೂಡುವಲ್ಲಿ ಮೀಸೆಯಣ್ಣನ ಕ್ಷೌರದ ಅಂಗಡಿ ಇತ್ತು. ಊರವರ ಗಡ್ಡ ಮೀಸೆಯನ್ನೆಲ್ಲ ಬೋಳಿಸುತ್ತ ತನ್ನ ಮೀಸೆಯನ್ನು ಮಾತ್ರ ಅರ್ಧ ಕೆನ್ನೆಗೆ ಬರುವಷ್ಟು ಬೆಳೆಸಿಕೊಂಡಿದ್ದರಿಂದ ಅವನಿಗೆ ಆ ಹೆಸರು ಬಿದ್ದಿತ್ತು. ಅಂಗಡಿ ಎಂದರೆ ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೆಂದು ಗೋಡೆಗೆ ತಾಗಿಸಿ ಹಾಕಿದ ಉದ್ದನೆಯ ಬೆಂಚು. ಕನ್ನಡಿಯ ಕೆಳಗಿನ ಹಲಗೆಯಲ್ಲಿ ಕತ್ತಿ, ಕತ್ತರಿ, ಬಾಚಣಿಗೆ, ಪಟಿಕದ ತುಂಡು. ಅದಕ್ಕಿಂತ ಮೇಲೆ, ಬೇರೆಯದೇ ಹಲಗೆಯಲ್ಲಿ, ದೂಳು ಬೀಳದಂತೆ ಬಟ್ಟೆ ಹೊದ್ದುಕೊಂಡ ರೇಡಿಯೋ.

ಊರಿನ ಸುತ್ತ ಗುಡ್ಡಗಳಿದ್ದವು. ಹತ್ತಿರದ ನಿಲಯಗಳ ಸದ್ದು ಆ ಗುಡ್ಡಕ್ಕೆ ಬಡಿದು ಆಚೆಯೇ ಉಳಿಯುತ್ತಿತ್ತು. ದೂರದ ದೇಶದ ಶಾರ್ಟ್‌ವೇವ್ ಮಾತ್ರ ಆಕಾಶಕ್ಕೆ ಹೋಗಿ, ಅಲ್ಲಿಂದ ಪುಟಿದು, ಗುಡ್ಡ ದಾಟಿ ಊರಿಗೆ ಇಳಿಯುತ್ತಿತ್ತು. "ಪಕ್ಕದೂರಿನ ನೆಂಟರು ಒಬ್ಬರೂ ಬರಲ್ಲ, ಸಮುದ್ರದಾಚೆಯವರು ಮಾತ್ರ ತಪ್ಪದೆ ಬರ್ತಾರೆ" ಎಂದು ಗಿರಣಿಯವನು ನಗುತ್ತಿದ್ದ. ಅವನು ಮೀಸೆಯಣ್ಣನ ಹೆಂಡತಿಯ ಅಣ್ಣ. ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು, ಒಬ್ಬರ ಕಾಲನ್ನೊಬ್ಬರು ಎಳೆಯುವುದು ಇಬ್ಬರಿಗೂ ಹುಟ್ಟಿನಿಂದ ಬಂದ ಹಕ್ಕಿನಂತಾಗಿತ್ತು.

ಸಂಜೆ ಬೆಳಕು ಇಳಿಯುವ ಹೊತ್ತಿಗೆ ಆ ದೂರದ ನಿಲಯದಿಂದ ನಮ್ಮ ಮಾತಿನಲ್ಲಿ ಅರ್ಧ ಗಂಟೆ ಸುದ್ದಿ ಬರುತ್ತಿತ್ತು. ಅದನ್ನು ಕೇಳಲು ಬೆಂಚು ತುಂಬುತ್ತಿತ್ತು, ಬಾಗಿಲಲ್ಲೂ ನಾಲ್ಕು ಜನ ನಿಲ್ಲುತ್ತಿದ್ದರು. ಆದರೆ ರೇಡಿಯೋದ ತಿರುಗಣೆ ಮುಟ್ಟುವ ಅಧಿಕಾರ ಮೀಸೆಯಣ್ಣನೊಬ್ಬನದು. ಅದು ಸುಮ್ಮನೆ ಬಂದ ಅಧಿಕಾರವಲ್ಲ. ಸುದ್ದಿಯ ನಿಲಯ ಕೂತಿದ್ದ ಜಾಗ ಬಲು ಇಕ್ಕಟ್ಟು. ಎಡಕ್ಕೆ ಯಾವುದೋ ದೇಶದ ಬ್ಯಾಂಡು ವಾದ್ಯ, ಬಲಕ್ಕೆ ಹಡಗಿನವರೋ ಯಾರೋ ಕುಟ್ಟುವ ಟಿಕಟಿಕ. ಅವೆರಡರ ಸಂದಿಯಲ್ಲಿ, ನಂಟಿಲ್ಲದವರ ಮನೆಯಲ್ಲಿ ಮೂಲೆ ಹಿಡಿದು ಕೂತವನಂತೆ, ಸುದ್ದಿ ಓದುವವನ ದನಿ. ಚಳಿಗಾಲ ಬಂದರೆ ಅವನು ಜಾಗವನ್ನೇ ಬದಲಿಸಿ ರೇಡಿಯೋದ ಅಂಕಿಗಳ ಕೆಳಗಿನ ಸಾಲಿಗೆ ಇಳಿದುಬಿಡುತ್ತಿದ್ದ. ಮೀಸೆಯಣ್ಣ ಅಂಕಿ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಮುಳ್ಳನ್ನು ಸ್ವಲ್ಪ ಮುಂದಕ್ಕೆ ಬಿಟ್ಟು, ದನಿ ಮಂಕಾದಲ್ಲಿಂದ ಹಿಂದಕ್ಕೆ ತಂದು, ಉಸಿರು ಹಿಡಿದು, ಕೈ ಬಿಡುತ್ತಿದ್ದ. ದನಿ ಅಲ್ಲೇ ನಿಲ್ಲುತ್ತಿತ್ತು.

"ಇದು ಕತ್ತಿ ಹಿಡಿಯೋ ಕೈ. ಕೂದಲೆಳೆ ಅಂದ್ರೆ ಎಷ್ಟು ಅಂತ ಇದಕ್ಕೆ ಗೊತ್ತು" ಎಂದು ಅವನೇ ಎಷ್ಟೋ ಸಲ ಹೇಳಿಕೊಂಡಿದ್ದ. ಹೇಳಿಕೊಂಡದ್ದೇ ಈಗ ಕುತ್ತಿಗೆಗೆ ಬಂದಿತ್ತು.

ಮಳೆಗಾಲ ಮುಗಿದ ಒಂದು ಸಂಜೆ ಮುಳ್ಳು ನಿಲ್ಲಲಿಲ್ಲ. ಸುದ್ದಿಯವನು "ನಮಸ್ಕಾರ" ಎಂದ, ಅಷ್ಟರಲ್ಲಿ ವಾದ್ಯ ನುಗ್ಗಿತು. ಹಿಂದಕ್ಕೆ ತಂದರೆ ಟಿಕಟಿಕ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಬೆಂಚಿನಲ್ಲಿದ್ದವರು ಕೆಮ್ಮಿದರು.

"ಇವತ್ತು ಆಕಾಶ ಸರಿಯಿಲ್ಲ" ಎಂದ ಮೀಸೆಯಣ್ಣ.

ಕೆಲಸದಿಂದ ನಿವೃತ್ತರಾದ ಮೇಷ್ಟ್ರು ತಲೆಯಾಡಿಸಿದರು. "ಹೊತ್ತು ಮುಳುಗೋವಾಗ ಮೇಲಿನ ಗಾಳಿಯ ಪದರ ಬದಲಾಗುತ್ತೆ ನೋಡು. ಅದರ ಆಟ ಇದು." ಅವರು ಹೇಳಿದ್ದು ಸುಳ್ಳಲ್ಲ. ಹಾಗೆ ಆಗುವುದುಂಟು. ಮೀಸೆಯಣ್ಣನಿಗೆ ಆ ಮಾತು ನೀರಲ್ಲಿ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು.

ಎಲ್ಲರೂ ಹೋದ ಮೇಲೆ ಅವನು ಬಾಗಿಲು ಅರ್ಧ ಎಳೆದು, ಬಲಗೈಯನ್ನು ಕನ್ನಡಿಯ ಮುಂದೆ ಚಾಚಿದ. ಬೆರಳ ತುದಿ, ನೀರಿನ ಮೇಲೆ ನಿಂತ ಸೊಳ್ಳೆಯ ಕಾಲಿನ ಹಾಗೆ, ತೀರ ಸಣ್ಣಗೆ ಅದುರುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಅವನಿಗೆ ಬೇಕಾಯಿತು. ಎಷ್ಟೋ ದಿನದಿಂದ ಗಡ್ಡ ಮಾಡುವಾಗ ಕಿರುಬೆರಳನ್ನು ಗಿರಾಕಿಯ ಕೆನ್ನೆಗೆ ಊರಿಕೊಳ್ಳುತ್ತಿದ್ದ. ಯಾಕೆ ಹಾಗೆ ಊರುತ್ತೇನೆಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಇದುವರೆಗೆ ಯಾರಿಗೂ ಗಾಯವಾಗಿರಲಿಲ್ಲ ಎನ್ನುವುದು ನಿಜ. ಆದರೆ ಕತ್ತಿ ಹಿಡಿದ ಕೈ ನಡುಗುತ್ತದೆಂದು ಗೊತ್ತಾದರೆ ಇನ್ನು ಅವನ ಮುಂದೆ ಗಂಟಲು ಚಾಚುವವರು ಯಾರು? ಅಪ್ಪನ ಕಾಲದಿಂದ ಆ ಕುರ್ಚಿಯಲ್ಲಿ ಜನ ಕಣ್ಣು ಮುಚ್ಚಿ ಕೂತಿದ್ದರು, ಕೆಲವರು ಗೊರಕೆ ಹೊಡೆದಿದ್ದರು. ಊರಿನಲ್ಲಿ ಅವನಿಗಿದ್ದ ಆಸ್ತಿ ಎಂದರೆ ಆ ಗೊರಕೆ.

ಹಾಗಾಗಿ ಮರುದಿನ ಮೇಷ್ಟ್ರು "ಇದಕ್ಕೊಂದು ದಾರಿ ಹುಡುಕೋಣ" ಎಂದಾಗ ಅವನು ಬೇಡವೆನ್ನಲಿಲ್ಲ. ಯಾರಿಗೆ ಗೊತ್ತು, ರೇಡಿಯೋದ್ದೇ ತಪ್ಪಿರಬಹುದು ಎಂದು ಅವನಿಗೂ ಆಸೆ ಇತ್ತು.

ಮೊದಲು ಸಿಕ್ಕಿಬಿದ್ದದ್ದು ಗಿರಣಿ. ಅದು ಓಡುವಾಗ ರೇಡಿಯೋದಲ್ಲಿ ಗುರ್ರೆನ್ನುವ ಸದ್ದು ಮೊದಲಿಂದಲೂ ಇತ್ತು, ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಮೇಷ್ಟ್ರು ಎದ್ದು ಹೋಗಿ, ಸುದ್ದಿಯ ಹೊತ್ತಿಗೆ ಮೋಟರು ನಿಲ್ಲಿಸಬೇಕೆಂದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಲೆಕ್ಕ ಇದು" ಎಂದ ಗಿರಣಿಯವನು. "ಸಂಜೆಗೇ ನನಗೆ ಜನ ಬರೋದು. ಹಿಟ್ಟಿಲ್ಲದೆ ಸುದ್ದಿ ಬೇಯಿಸ್ಕೊಂಡು ತಿಂತಾರಾ?"

"ಅರ್ಧ ಗಂಟೆ ಅಷ್ಟೆ ಕಣಯ್ಯ."

"ನಮ್ಮ ಭಾವನ ಡಬ್ಬಾಗೆ ಇನ್ನು ಏನೇನು ಸೇವೆ ಆಗ್ಬೇಕೋ" ಎಂದು ಗೊಣಗಿದನಾದರೂ ಆ ಸಂಜೆ ಮೋಟರು ನಿಂತಿತು. ಜೊತೆಗೆ ಅವನೇ ಮೈಯೆಲ್ಲ ಹಿಟ್ಟಿನ ಬಿಳುಪಿನಲ್ಲಿ ಬಂದು ಬೆಂಚಿನ ಮೇಲೆ ಕೂತ. ಗುರ್ರೆನ್ನುವ ಸದ್ದು ಹೋಯಿತು. ಅದರ ಹಿಂದೆ ಅಡಗಿದ್ದ ಸಣ್ಣದೊಂದು ಗುಂಯ್‌ಗುಡುವಿಕೆ ಈಗ ಕೇಳಿಸಿತು. ಮುಳ್ಳು ನಿನ್ನೆಯಂತೆಯೇ ಜಾರಿತು.

ಗುಂಯ್‌ಗುಡುವುದು ಗೋಡೆಯ ಕರೆಂಟಿನಿಂದ ಬರುತ್ತದೆ ಎಂದು ಮೇಷ್ಟ್ರು ಪತ್ತೆ ಮಾಡಿದರು. ರೇಡಿಯೋಕ್ಕೆ ಸಿಕ್ಕಿಸಿದ್ದ ವೈರು ಕಿತ್ತು ಹೊಸ ಬ್ಯಾಟರಿ ಹಾಕಿದರು. ಗುಂಯ್ ಹೋಯಿತು. ಆಮೇಲೆ ಸದ್ದು ಹಿಡಿಯುವ ಏರಿಯಲ್ ತಂತಿಯ ಸರದಿ. ಅಲ್ಲಿಯವರೆಗೆ ಅದು ಅಂಗಡಿಯ ಮಾಡಿನ ಕೆಳಗೆ, ಕರೆಂಟಿನ ತಂತಿಗೆ ಜೋಡಿಯಾಗಿ ಮಲಗಿತ್ತು. "ಕಳ್ಳನ ಪಕ್ಕದಲ್ಲೇ ಹಾಸಿಗೆ ಹಾಕಿದ್ದೀಯಲ್ಲ" ಎಂದು ಬೈದು ಮೇಷ್ಟ್ರು ಹೊಸ ತಾಮ್ರದ ತಂತಿ ತಂದರು. ಅದನ್ನು ಅಂಗಡಿಯ ಹಿಂದಿನ ಮರದ ಕೊಂಬೆಗೆ, ಕರೆಂಟಿನ ಸಾಲಿಗೆ ಅಡ್ಡಲಾಗಿ, ಆದಷ್ಟು ದೂರ ಎಳೆದು ಕಟ್ಟಬೇಕಿತ್ತು. ಮರ ಹತ್ತಿದವನು ಗಿರಣಿಯವನೇ. ಈ ವಯಸ್ಸಿನಲ್ಲಿ, ಆ ಹೊಟ್ಟೆ ಇಟ್ಟುಕೊಂಡು.

"ಬಿದ್ರೆ ನಿನ್ನ ತಂಗಿಗೆ ಏನಂತ ಹೇಳ್ಲಿ?" ಎಂದು ಮೀಸೆಯಣ್ಣ ಕೆಳಗಿನಿಂದ ಕೂಗಿದ.

"ಗಂಡನ ರೇಡಿಯೋ ಕೇಳ್ಸೋಕೆ ಅಣ್ಣ ಮೇಲಕ್ಕೆ ಹೋದ ಅಂತ ಹೇಳು. ಎಲ್ಲಾ ಅರ್ಥ ಬರುತ್ತೆ."

ಕೆಳಗಿದ್ದವರೆಲ್ಲ ನಕ್ಕರು. ಮೀಸೆಯಣ್ಣ ನಗಲು ಹೋದ, ಆಗಲಿಲ್ಲ. ಕೊಂಬೆ ಬಾಗುತ್ತಿತ್ತು. ಇಲ್ಲದ ರೋಗಕ್ಕೆ ಔಷಧಿ ತರಲು ಮನುಷ್ಯ ಪ್ರಾಣ ಒತ್ತೆಯಿಟ್ಟು ಹತ್ತಿದ್ದಾನೆ, ಇಳಿ ಎನ್ನುವ ಮಾತು ತನ್ನ ಬಾಯಲ್ಲೇ ಇದೆ, ಆದರೆ ಹೊರಗೆ ಬರುತ್ತಿಲ್ಲ. ಗಿರಣಿಯವನು ಸುರಕ್ಷಿತವಾಗಿ ಇಳಿದು, ಅಂಗೈ ಉಜ್ಜಿಕೊಳ್ಳುತ್ತ "ನೋಡು ಹೆಂಗೆ ಬಿಗಿದಿದ್ದೀನಿ" ಎಂದಾಗ ಮೀಸೆಯಣ್ಣನ ಬೆನ್ನು ಬೆವತಿತ್ತು.

ಅಷ್ಟಕ್ಕೂ ನಿಲ್ಲಲಿಲ್ಲ. ಅರ್ತಿಂಗ್‌ಗೆಂದು ಗೋಡೆಯ ಬುಡದಲ್ಲಿ ಕಬ್ಬಿಣದ ಕೊಳವೆ ಹೂತು, ಅದರಿಂದ ರೇಡಿಯೋಕ್ಕೆ ಇನ್ನೊಂದು ತಂತಿ ಕೊಟ್ಟರು. ಆ ನೆಲ ಒಣಗಬಾರದೆಂದು ಕ್ಷೌರದ ನೀರನ್ನೆಲ್ಲ ಅಲ್ಲೇ ಸುರಿಯುವ ನಿಯಮವಾಯಿತು. ಮುಳ್ಳು ಎಳೆಯುವ ಒಳಗಿನ ದಾರ ಸಡಿಲವಾಗಿರಬಹುದೆಂದು ಮೇಷ್ಟ್ರು ಹಿಂಬದಿ ಬಿಚ್ಚಿ ಅದನ್ನೂ ಬಿಗಿ ಮಾಡಿದರು. ಒಂದೊಂದು ಕೆಲಸವಾದಾಗಲೂ ಒಂದೊಂದು ಕೊರಕೊರ ಕಳಚಿ ಬಿತ್ತು. ಕೊನೆಗೆ ರೇಡಿಯೋ ಅದರ ಜನ್ಮದಲ್ಲೇ ಇಲ್ಲದಷ್ಟು ತಿಳಿಯಾಯಿತು. ಸುದ್ದಿಯವನು ಕಾಗದ ಮಗುಚುವುದು ಕೂಡ ಕೇಳಿಸುತ್ತಿತ್ತು. ಕೇಳಿಸುತ್ತಿತ್ತು, ಆದರೆ ಅವನ ಮೇಲೆ ಮುಳ್ಳು ನಿಂತಿದ್ದಷ್ಟು ಹೊತ್ತು ಮಾತ್ರ. ಮೊದಲಾದರೆ ಗಲಾಟೆಯ ನಡುವೆ ಅಷ್ಟಿಷ್ಟು ಜಾರಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಕೂದಲೆಳೆಯಷ್ಟು ತಪ್ಪಿದರೂ ಎಳೆ ಮಗುವಿಗೂ ಗೊತ್ತಾಗುತ್ತಿತ್ತು. ಮೀಸೆಯಣ್ಣನಿಗೆ ಹಿಂದೆ ಅಡಗಿ ನಿಲ್ಲಲು ಇದ್ದ ಗೋಡೆಗಳನ್ನೆಲ್ಲ ಗೆಳೆಯರೇ, ಪ್ರೀತಿಯಿಂದ, ಒಂದೊಂದಾಗಿ ಕೆಡವಿ ಹಾಕಿದ್ದರು.

ಅವನೂ ಒಂದು ಉಪಾಯ ಕಂಡುಕೊಂಡ. ಮೊಣಕೈಯನ್ನು ಹಲಗೆಗೆ ಊರಿ, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದರೆ ಒಮ್ಮೊಮ್ಮೆ ಮುಳ್ಳು ನಿಲ್ಲುತ್ತಿತ್ತು. ಆದರೆ ಕತ್ತಿಯ ಕೆಲಸಕ್ಕೆ ಆ ಉಪಾಯ ನಡೆಯುವುದಿಲ್ಲ. ಅಲ್ಲಿ ಎಡಗೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಮನುಷ್ಯನಿಗೆ ಮೂರನೆಯ ಕೈ ಇಲ್ಲ.

ಒಂದು ಬೆಳಗ್ಗೆ ಮನೆಯಲ್ಲಿ ಹೆಂಡತಿ ಚಹಾ ತಂದು ಮುಂದಿಟ್ಟಳು. ಅರ್ಧ ಲೋಟ. ಅವನು ಕುಡಿದಾದ ಮೇಲೆ ಇನ್ನರ್ಧ ತಂದು ಹುಯ್ದಳು. ಇದು ಎಷ್ಟೋ ಕಾಲದಿಂದ ಹೀಗೇ ನಡೆದಿತ್ತು. ಅಂದು ಯಾಕೋ ಅವನಿಗೆ ರೇಗಿತು.

"ಏನೇ, ಭಿಕ್ಷೆ ಹಾಕೋ ಹಾಗೆ ಅರ್ಧರ್ಧ ಹುಯ್ತೀಯ? ಒಂದೇ ಸಲ ಕೊಟ್ರೆ ನಿನ್ನ ಗಂಟು ಹೋಗುತ್ತಾ?"

"ಗಂಟು ಹೋಗಲ್ಲ. ಚಹಾ ಹೋಗುತ್ತೆ" ಎಂದಳು ಅವಳು, ಒಲೆಯ ಕಡೆಗೆ ತಿರುಗಿಕೊಂಡೇ. "ತುಂಬಾ ಕೊಟ್ರೆ ಚೆಲ್ತೀರಿ."

ಅವನು ಲೋಟವನ್ನು ಕೆಳಗಿಟ್ಟ. ಅದು ನೆಲಕ್ಕೆ ತಾಗುವಾಗ ಕಟಕಟ ಎಂದಿತು. ಇಬ್ಬರಿಗೂ ಕೇಳಿಸಿತು.

"ಯಾವಾಗಿಂದ?" ಎಂದ.

"ಬೇಸಿಗೆಯಿಂದ. ಮೊದಲು ಅಂಗಿ ಮೇಲೆ ಕಲೆ ಕಂಡೆ. ಒಗೆಯೋಳು ನಾನಲ್ವಾ."

"ನಿನ್ನಣ್ಣನಿಗೆ ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ಕೈ ನಿಮ್ದು, ಬಾಯೂ ನಿಮ್ದೇ." ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು. "ಅವನು ಮರ ಹತ್ತಿದ್ದು ಕೇಳ್ದೆ. ಊರಿಗೂರೇ ತಂತಿ ಕಟ್ಕೊಂಡು ಕುಣೀತಾ ಇದೆ. ಕುಣೀಲಿ. ರೇಡಿಯೋದ್ದು ನನಗೆ ಚಿಂತೆ ಇಲ್ಲ ರೀ. ರೇಡಿಯೋ ತಪ್ಪಿದ್ರೆ ವಾದ್ಯ ಬರುತ್ತೆ. ಕತ್ತಿ ತಪ್ಪಿದ್ರೆ ಏನು ಬರುತ್ತೆ?"

ಉಳಿದ ಅರ್ಧ ಲೋಟ ಆರಿ ಕೆನೆಗಟ್ಟಿತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದು, ಅಂಗಡಿಗೆ ನಡೆದ. ದಾರಿಯುದ್ದಕ್ಕೂ ಅವನನ್ನು ಕಾಡಿದ್ದು ನಡುಕವಲ್ಲ. ಬೇಸಿಗೆಯಿಂದ ಇವಳು ಒಂದು ಮಾತಾಡದೆ, ದಿನಕ್ಕೆರಡು ಹೊತ್ತು, ಲೋಟದ ಅರ್ಧಕ್ಕೆ ಕೈ ತಡೆಯುತ್ತ ಬಂದಿದ್ದಾಳಲ್ಲ ಎನ್ನುವುದು.

ಅದೇ ಸಂಜೆ ಗಿರಣಿಯವನು ತಲೆಗೂದಲ ಹಿಟ್ಟು ಕೊಡವಿಕೊಳ್ಳುತ್ತ ಬಂದು ಕುರ್ಚಿಯಲ್ಲಿ ಕೂತ. ಮಗಳನ್ನು ಕೊಡುವ ಮನೆಗೆ ಮರುದಿನ ಮಾತಿಗೆ ಹೋಗುವುದಿತ್ತು.

"ನುಣ್ಣಗೆ ಮಾಡು ಭಾವ. ಹೊಸ ಬೀಗರು ನೋಡಿದ್ರೆ ಹುಡುಗಿ ಅಪ್ಪನೇ ಮದುವೆ ಗಂಡು ಅನ್ಬೇಕು."

"ಹೊಟ್ಟೆ ಬೋಳಿಸೋಕೆ ನನ್ನ ಹತ್ರ ಕತ್ತಿ ಇಲ್ಲ" ಎಂದ ಮೀಸೆಯಣ್ಣ. ಮೇಷ್ಟ್ರು ಬೆಂಚಿನಲ್ಲಿ ನಕ್ಕರು. ಉಳಿದವರು ಅಂದು ಪಕ್ಕದೂರಿನ ಜಾತ್ರೆಗೆ ಹೋಗಿದ್ದರು.

ಮೀಸೆಯಣ್ಣ ನಿಧಾನವಾಗಿ ನೊರೆ ಹಚ್ಚಿದ. ಬ್ರಷ್ಷಿಗೆ ಭಯವಿಲ್ಲ. ಒಂದು ಸುತ್ತು ಹೆಚ್ಚೇ ಹಚ್ಚಿದ. ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆದ, ಮತ್ತೂ ಎಳೆದ. ಅಷ್ಟರಲ್ಲಿ ಮೇಷ್ಟ್ರು "ಹೊತ್ತಾಯ್ತು, ಸುದ್ದಿ ಹಾಕು ಮೊದ್ಲು" ಎಂದದ್ದು ಅವನಿಗೆ ವರದಂತಾಯಿತು. ಕತ್ತಿ ಕೆಳಗಿಟ್ಟು ರೇಡಿಯೋದ ಬಟ್ಟೆ ಸರಿಸಿದ. ಮೊಣಕೈ ಊರಲಿಲ್ಲ, ಮಣಿಕಟ್ಟು ಹಿಡಿಯಲಿಲ್ಲ. ಬೆರಳು ಸುಮ್ಮನೆ ತಿರುಗಣೆಗೆ ಹೋಯಿತು. ವಾದ್ಯ. ಟಿಕಟಿಕ. ಒಂದು ಮಾತಿನ ತುಂಡು. ವಾದ್ಯ.

"ಮತ್ತೆ ಶುರುವಾಯ್ತಾ" ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು.

ಕುರ್ಚಿಯಿಂದ ಗಿರಣಿಯವನು, ಬಾಯಿಯ ಸುತ್ತಲಿನ ನೊರೆ ಅಲುಗಿಸುತ್ತ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಈ ಡಬ್ಬಾಗೋಸ್ಕರ ಗಿರಣಿ ನಿಲ್ಲಿಸ್ದೆ, ಮರ ಹತ್ತಿದೆ, ನೆಲ ಅಗೆದೆ. ಇನ್ನೆಷ್ಟು ನೆಲ ಸರಿ ಮಾಡೋಣ ಭಾವ?" ಎಂದ. ಅವನು ಅಂದದ್ದು ರೇಡಿಯೋವನ್ನೇ.

ಮೀಸೆಯಣ್ಣ ತಿರುಗಣೆಯಿಂದ ಕೈ ತೆಗೆದ.

"ಬಾ, ನೀನೇ ತಿರುಗಿಸು."

ಮೇಷ್ಟ್ರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ನಾನಾ? ಇದು ಮೂಟೆ ಹೊರೋ ಕೈ" ಎಂದ ಗಿರಣಿಯವನು.

"ಮುಂದಕ್ಕೆ ಸ್ವಲ್ಪ ಬಿಡು. ದನಿ ಮಂಕಾಗುತ್ತಲ್ಲ, ಅಲ್ಲಿಂದ ಹಿಂದಕ್ಕೆ ತಾ. ನಿಂತಿತು ಅನ್ನಿಸಿದ ಕೂಡಲೇ ಕೈ ಬಿಡು, ಒತ್ತಿ ಹಿಡೀಬೇಡ."

ಗಿರಣಿಯವನು ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಎದ್ದು ಬಂದ. ಬದನೆಕಾಯಿಯಂಥ ಬೆರಳುಗಳಿಂದ ತಿರುಗಣೆ ಹಿಡಿದು, ನಾಲಿಗೆ ಕಚ್ಚಿಕೊಂಡು, ಮುಂದಕ್ಕೆ ಬಿಟ್ಟ, ಹಿಂದಕ್ಕೆ ತಂದ, ಕೈ ಬಿಟ್ಟ. ಸುದ್ದಿಯವನ ದನಿ ತೊಳೆದಿಟ್ಟ ಹಾಗೆ ಬಂದು ಅಂಗಡಿಯ ನಡುವೆ ನಿಂತಿತು. ಎಲ್ಲೋ ಒಂದು ಸೇತುವೆ ಕಟ್ಟಿ ಮುಗಿಸಿದ ಸುದ್ದಿ. ಮುಳ್ಳು ಅಲುಗಲಿಲ್ಲ.

"ಇಷ್ಟೇನಾ" ಎಂದು ಗಿರಣಿಯವನು ಹಲ್ಲು ಬಿಟ್ಟ. "ಇಷ್ಟಕ್ಕೆ ಇಷ್ಟು ವರ್ಷ ದೊಡ್ಡ ವಿದ್ಯೆ ಅಂತ—"

ಕನ್ನಡಿಯಲ್ಲಿ ಅವನ ಕಣ್ಣು ಮೀಸೆಯಣ್ಣನ ಕೈ ಮೇಲೆ ಬಿತ್ತು. ಮೀಸೆಯಣ್ಣ ಅದನ್ನು ಬೆನ್ನ ಹಿಂದೆ ಇಟ್ಟುಕೊಳ್ಳಲಿಲ್ಲ. ತೆರೆದೇ ಇಟ್ಟಿದ್ದ. ಗಿರಣಿಯವನು ಬೆರಳ ತುದಿ ನೋಡಿದ, ಹಲಗೆಯ ಮೇಲಿನ ಕತ್ತಿ ನೋಡಿದ. ಆಮೇಲೆ ಏನೂ ಕಾಣದವನಂತೆ ಹೋಗಿ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ, ಗಂಟಲು ಚಾಚಿ, ಕಣ್ಣು ಮುಚ್ಚಿದ.

"ಮಾಡು" ಎಂದ.

ಮೀಸೆಯಣ್ಣ ಕತ್ತಿ ಎತ್ತಿಕೊಂಡು ಹತ್ತಿರ ಬಂದ. ನೊರೆಯ ಅಂಚಿನಲ್ಲಿ, ಕಿವಿಯ ಕೆಳಗೆ, ನರ ಮಿಡಿಯುತ್ತಿತ್ತು. ಚರ್ಮವನ್ನು ಎಡಗೈಯಿಂದ ಎಳೆದು ಹಿಡಿದ. ಮುಚ್ಚಿದ ರೆಪ್ಪೆಗಳು ಬಿಗಿಯಾಗಿದ್ದವು. ಈ ಕುರ್ಚಿಯಲ್ಲಿ ನಿದ್ದೆ ಹೋದವರನ್ನು ಅವನು ಬೇಕಾದಷ್ಟು ನೋಡಿದ್ದ. ನಿದ್ದೆ ನಟಿಸುವವನನ್ನು ನೋಡಿದ್ದು ಇದೇ ಮೊದಲು. ಕುರ್ಚಿಯ ಕೈಯನ್ನು ಗಿರಣಿಯವನ ಬೆರಳು ಬಿಗಿಯಾಗಿ ಹಿಡಿದಿತ್ತು, ಹೀಗಿದ್ದೂ ಅವನು ಏಳುತ್ತಿರಲಿಲ್ಲ. ತಾನು ಮಾಡಿದರೆ ಅವನು ಕೂತೇ ಇರುತ್ತಾನೆ, ಗಾಯವಾದರೆ ನಾನೇ ಅಲ್ಲಾಡಿದೆ ಎನ್ನುತ್ತಾನೆ. ಅದು ಖಂಡಿತ.

ಅದು ಖಂಡಿತವೆಂದು ಗೊತ್ತಾದ ಮೇಲೆ ಮೀಸೆಯಣ್ಣನಿಂದ ಆಗಲಿಲ್ಲ. ಕತ್ತಿ ಮಡಚಿದ.

"ಕೈ ನಡುಗುತ್ತೆ ಭಾವ."

"ನೋಡ್ದೆ. ಮೆಲ್ಲಗೆ ಮಾಡು."

"ಮೆಲ್ಲಗೆ ಮಾಡಿದ್ರೂ ನಡುಗುತ್ತೆ. ಬೇಸಿಗೆಯಿಂದ ಹಿಂಗೆ." ಅವನು ಮೇಷ್ಟ್ರ ಕಡೆ ತಿರುಗಿದ. "ರೇಡಿಯೋಕ್ಕೆ ಏನೂ ಆಗಿರ್ಲಿಲ್ಲ ಮೇಷ್ಟ್ರೆ."

ಮೇಷ್ಟ್ರು ಎದ್ದು ರೇಡಿಯೋದ ದನಿ ತಗ್ಗಿಸಿದರು. ಮತ್ತೆ ಬೆಂಚಿಗೆ ಮರಳಿದರು.

ಗಿರಣಿಯವನು ಕಣ್ಣು ತೆರೆದ. "ಸರಿ. ಈಗ ಬೀಗರ ಮನೆಗೆ ನೊರೆಲಿ ಹೋಗ್ಲಾ? ಹುಡುಗಿ ಅಪ್ಪನಿಗೆ ಹುಚ್ಚು ನಾಯಿ ಕಚ್ಚಿದೆ ಅಂತಾರೆ."

"ನೀನೇ ಮಾಡ್ಕೋ. ನಾನು ಹೇಳ್ತೀನಿ."

"ಹುಟ್ಟಿದಾಗಿಂದ ಕತ್ತಿ ಮುಟ್ಟಿದವನಲ್ಲ ನಾನು."

"ತಿರುಗಣೇನೂ ಮುಟ್ಟಿರ್ಲಿಲ್ಲ" ಎಂದರು ಮೇಷ್ಟ್ರು.

ಗಿರಣಿಯವನು ಕನ್ನಡಿಯ ಹತ್ತಿರಕ್ಕೆ ಮುಖ ತಂದ. ಮೀಸೆಯಣ್ಣ ಅವನ ಹಿಂದೆ ನಿಂತು ಹೇಳುತ್ತ ಹೋದ. ಕತ್ತಿಯನ್ನು ಮಲಗಿಸು, ನಿಲ್ಲಿಸಬೇಡ. ಚರ್ಮ ಮೇಲಕ್ಕೆ ಎಳೆ. ಕೂದಲು ಬೆಳೆದ ದಿಕ್ಕಿಗೇ ಬಾ. ಅಲ್ಲಿ ಸುಳಿ ಇದೆ, ಆ ಸುಳಿಯಲ್ಲಿ ಅಡ್ಡ ಬರಬೇಕು. ಆ ಮುಖದ ಏರು, ತಗ್ಗು, ಹಳೆಯ ಕಜ್ಜಿಯ ಗುರುತು, ಎಲ್ಲ ಅವನ ಬಾಯಲ್ಲಿ ಪಾಠದ ಹಾಗಿತ್ತು. ಗಿರಣಿಯವನಿಗೆ ತನ್ನ ಗದ್ದದಲ್ಲಿ ಸುಳಿ ಇರುವುದೇ ಗೊತ್ತಿರಲಿಲ್ಲ. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಸುದ್ದಿ ಮುಗಿದಿತ್ತು. ಇನ್ನೊಂದು ಕೆನ್ನೆಗೆ ಬಂದಾಗ ಎರಡು ಕಡೆ ರಕ್ತ ಜಿನುಗಿತು. ಮೀಸೆಯಣ್ಣ ಪಟಿಕ ಒತ್ತಿದ.

"ನಿನ್ನ ನಡುಗೋ ಕೈಯೇ ವಾಸಿ ಇತ್ತು" ಎಂದ ಗಿರಣಿಯವನು ಉರಿಗೆ ಹಲ್ಲು ಕಚ್ಚುತ್ತ.

"ಸುಮ್ನಿರು, ದವಡೆ ಅಲ್ಲಾಡುತ್ತೆ."

ಆ ಮಾತಿಗೆ ಮೂವರೂ ನಕ್ಕರು. ನಕ್ಕಿದ್ದು ಬೇಗ ಮುಗಿಯಿತು. ಅವರಿಬ್ಬರೂ ಹೋದ ಮೇಲೆ ಮೀಸೆಯಣ್ಣ ಕತ್ತಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ ಮಡಚಿಟ್ಟ. ಗೆಳೆಯರಿಗೆ ಹೇಳುವುದು ಒಂದು, ಹಾದಿಹೋಕರಿಗೆ ಹೇಳುವುದು ಇನ್ನೊಂದು ಎಂದು ಅವನಿಗೆ ಗೊತ್ತಿತ್ತು. ಕತ್ತಿ ಸಾಣೆಗೆ ಕೊಟ್ಟಿದ್ದೇನೆ ಎನ್ನಬಹುದು. ಬೆರಳು ಉಳುಕಿದೆ ಎನ್ನಬಹುದು. ಮಲಗುವವರೆಗೂ ಅಂಥ ಉತ್ತರಗಳನ್ನು ಜೋಡಿಸಿದ, ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಬೆಳಗ್ಗೆ ಅಂಗಡಿ ಗುಡಿಸುವಷ್ಟರಲ್ಲಿ ದನದ ವ್ಯಾಪಾರಿಯೊಬ್ಬ ಒಳಗೆ ಬಂದ. ಊರಿಗೆ ಹೊಸಬ. ಹಾದಿಯ ದೂಳು ಗಡ್ಡದ ಮೇಲೆ ಹಾಗೇ ಇತ್ತು. ಕುರ್ಚಿಯ ಬೆನ್ನು ಹಿಡಿದುಕೊಂಡು "ಗಡ್ಡ, ತಲೆ ಎರಡೂ" ಎಂದ.

"ತಲೆ ಮಾಡ್ತೀನಿ. ಗಡ್ಡ ಮಾಡಲ್ಲ."

"ಯಾಕೆ?"

ರಾತ್ರಿ ಜೋಡಿಸಿದ್ದು ಒಂದೂ ಬಾಯಿಗೆ ಬರಲಿಲ್ಲ.

"ಕೈ ನಡುಗುತ್ತೆ" ಎಂದ ಮೀಸೆಯಣ್ಣ.

ವ್ಯಾಪಾರಿ ದನದ ಹಲ್ಲು ನೋಡುವವನ ಹಾಗೆ ಅವನನ್ನು ಮೇಲಿಂದ ಕೆಳಗೆ ನೋಡಿದ. "ಕತ್ತರಿ ಹಿಡಿದ್ರೆ ನಡುಗಲ್ವಾ?"

"ನಡುಗುತ್ತೆ. ಆದ್ರೆ ಅಲ್ಲಿ ಬಾಚಣಿಗೆ ಅಡ್ಡ ಇರುತ್ತೆ."

ವ್ಯಾಪಾರಿ ಗಡ್ಡ ಕೆರೆದುಕೊಳ್ಳುತ್ತ ದಾರಿಯ ಕಡೆ ನೋಡಿದ. ಆಮೇಲೆ ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ. ಮೀಸೆಯಣ್ಣ ಬಿಳಿ ಬಟ್ಟೆ ಕೊಡವಿ ಅವನ ಕೊರಳ ಸುತ್ತ ತಂದ. ಹಿಂದೆ ಗಂಟು ಹಾಕುವುದಕ್ಕೆ ಹೊತ್ತು ಹಿಡಿಯಿತು. ವ್ಯಾಪಾರಿ ತಲೆ ಬಗ್ಗಿಸಿಕೊಂಡು ಕಾದ.